ಪರದೆ ಬಿಚ್ಚಿದವನು

ಅಕ್ಕ ತೀರಿಕೊಂಡು ತಿಂಗಳಾಯಿತು. ಅವಳ ಬಗ್ಗೆ ನಾಲ್ಕು ಮಾತು ಬರೆದಿಡೋಣವೆಂದು ಕೂತರೆ ಗೊಂಬೆಯಾಡಿಸುವವನೊಬ್ಬ ಅಡ್ಡ ಬಂದು ನಿಲ್ಲುತ್ತಾನೆ. ಅವನನ್ನು ದಾಟಿ ಅಕ್ಕನ ಹತ್ತಿರ ಹೋಗಲಿಕ್ಕೆ ದಾರಿಯೇ ಇಲ್ಲ. ಹೀಗಾಗಿ ಮೊದಲು ಅವನದನ್ನೇ ಬರೆದು ಮುಗಿಸುತ್ತೇನೆ. ಮೊಮ್ಮಗನ ಪಾಟಿಯ ಮೇಲೆ ಮುಪ್ಪಿನಲ್ಲಿ ಅಕ್ಷರ ಕಲಿತವಳು ನಾನು. ಸಾಲು ಸೊಟ್ಟಗಾದರೆ ಓದುವವರು ಹೊಂದಿಸಿಕೊಳ್ಳಲಿ. ಅವನ ಮೇಲೆ ನನಗೆ ಪ್ರೀತಿ ಇತ್ತೆಂದು ಮಾತ್ರ ಯಾರೂ ತಿಳಿಯಬಾರದು. ಬಹಳ ವರ್ಷ ಅವನ ಹೆಸರೆತ್ತಿದರೆ ನನಗೆ ಮೈ ಉರಿಯುತ್ತಿತ್ತು.

ಹೆಸರೆತ್ತಿದರೆ ಅಂದೆ, ಆದರೆ ಗಜೇಂದ್ರಗಡದ ನಮ್ಮ ನೇಕಾರ ಓಣಿಯಲ್ಲಿ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. "ಗೊಂಬಿಯಾಂವ" ಅಂದರೆ ಸಾಕಿತ್ತು. ನರಗುಂದದಲ್ಲಿ ಗದ್ದಲವೆದ್ದು ದಾರಿದಾರಿಗೆ ಕುಂಪಣಿ ಸರಕಾರದ ದಂಡು ಬಂದು ಕೂತಿತಲ್ಲ, ಅದಕ್ಕಿಂತ ಕೆಲವು ವರ್ಷ ಮೊದಲಿನ ಮಾತು ಇದು. ಮುಂಗಾರಿ ಮಳೆ ತಡವಾದ ವರ್ಷ ಊರವರು ಅವನಿಗೆ ಹೇಳಿ ಕಳಿಸುತ್ತಿದ್ದರು. ತೊಗಲು ಗೊಂಬೆ ಕುಣಿದರೆ ಮಳೆ ಬರುತ್ತದೆಂದು ನಮ್ಮ ಕಡೆ ನಂಬಿಕೆ. ಅವನು ಹೆಂಡತಿಯನ್ನೂ ಇಬ್ಬರು ಅಣ್ಣತಮ್ಮಂದಿರ ಮಕ್ಕಳನ್ನೂ ಕರೆದುಕೊಂಡು, ಗೊಂಬೆಯ ಪೆಟ್ಟಿಗೆಯನ್ನು ಕತ್ತೆಯ ಮೇಲೆ ಹೇರಿಕೊಂಡು, ನರೇಗಲ್ಲಿನ ದಾರಿಯಿಂದ ಬರುತ್ತಿದ್ದ. ಆಟಕ್ಕೆ ಕಟ್ಟುವ ಬಿಳಿಯ ಪರದೆ ನಮ್ಮ ಅಪ್ಪನ ಮಗ್ಗದ್ದು. ಹಳೆಯದು ಮಸಿ ಹಿಡಿದಾಗ ಅಪ್ಪ ಹೊಸದೊಂದು ಪಂಚೆ ಕೊಡುತ್ತಿದ್ದ, ಅವನು ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದ.

ಎತ್ತರದ ಆಳು, ಪರದೆಯ ಹಿಂದೆ ಕೂತು ಕೂತು ಬೆನ್ನು ಬಾಗಿತ್ತು. ಬೆರಳ ತುದಿಗೆ ಸದಾ ಕೆಂಪು ಬಣ್ಣ. ಅವನು ಎಂದೂ ಒಂದೇ ಧ್ವನಿಯಲ್ಲಿ ಮಾತಾಡಿದವನಲ್ಲ. ನಮ್ಮ ಅಪ್ಪನ ಎದುರಿಗೆ ಬಂದರೆ ಸಾಹುಕಾರನ ಗತ್ತು, ಅವ್ವನ ಎದುರಿಗೆ ರಾಣಿಯ ಬಿನ್ನಾಣ, ನಾಯಿ ಬೊಗಳಿದರೆ ಅದಕ್ಕೆ ಅದರದೇ ಭಾಷೆಯಲ್ಲಿ ಉತ್ತರ. ಹಿಟ್ಟು ಕೇಳಲು ಬಂದರೂ ಹಾಡಿನ ರಾಗದಲ್ಲೇ ಕೇಳುತ್ತಿದ್ದ. "ಯಾರ ಧ್ವನಿ ಬೇಕು ಹೇಳ್ರಿ ಅವ್ವಾರ, ಕೊಡತೀನಿ," ಅನ್ನುವನು. ಕಸುಬೇ ಹಾಗೆ, ನಾಲಿಗೆಗೆ ಚಟ ಬಿದ್ದಿದೆ ಎಂದು ನಾವೆಲ್ಲ ನಗುತ್ತಿದ್ದೆವು.

ಇನ್ನು ಅಕ್ಕನ ಮಾತು. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಹುಟ್ಟಾ ತೊದಲು. ಮಾತು ಸಿಕ್ಕಿಕೊಂಡಾಗ ಬಲಗೈ ಎತ್ತಿ ಗಂಟಲ ಮೇಲೆ ಇಟ್ಟುಕೊಳ್ಳುವಳು, ಒಳಗಿರುವ ಶಬ್ದವನ್ನು ಮೇಲಕ್ಕೆ ನೂಕುವವಳ ಹಾಗೆ. ಹಾಗಂತ ಸುಮ್ಮನಿರುವ ಹುಡುಗಿ ಅಲ್ಲ. ಮಾತೆಂದರೆ ಪ್ರಾಣ. ಬೆಳಿಗ್ಗೆ ಓಣಿಯುದ್ದಕ್ಕೂ ಹಾಸಿನ ಉದ್ದೆಳೆಗಳನ್ನು ಎಳೆದು ಕಟ್ಟಿ ನೂಲಿಗೆ ಗಂಜಿ ಹಚ್ಚುವಾಗ ಹರಿದ ಎಳೆ ಹುಡುಕಿ ಗಂಟು ಹಾಕುವುದು ಅವಳ ಕೆಲಸ. ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಹತ್ತು ಮನೆಯ ಸುದ್ದಿ ಆಡಿ ಮುಗಿಸುತ್ತಿದ್ದಳು. ಹುಡುಗರು ಹಿಂದೆ ನಿಂತು ಅಣಕಿಸಿದರೆ ಅಣಕದ ಮೇಲೆಯೇ ತನ್ನ ಮಾತು ಮುಂದುವರಿಸುವಳು. ಅವ್ವನಿಗೆ ಮಾತ್ರ ತಾಳ್ಮೆ ಇರಲಿಲ್ಲ. ಅಕ್ಕ "ರೊ... ರೊ..." ಅನ್ನುವಷ್ಟರಲ್ಲಿ "ರೊಟ್ಟಿ ಬೇಕೇನ?" ಎಂದು ತಾನೇ ಮುಗಿಸಿಬಿಡುವಳು. ಅದು ಅವ್ವನ ಮಮತೆ. ಅಕ್ಕನಿಗೆ ಅದು ಹುಡುಗರ ಅಣಕಕ್ಕಿಂತ ಹೆಚ್ಚು ಚುಚ್ಚುತ್ತಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಆ ವರ್ಷ ಅವನು ನಮ್ಮ ಕಟ್ಟೆಗೆ ಬಂದು ಕುಡಿಯಲು ನೀರು ಕೇಳಿದ. ಅಕ್ಕ ತಂಬಿಗೆ ತಂದುಕೊಟ್ಟು ಎದುರಿಗೇ ಕೂತಳು. ಗೊಂಬೆ ಹೇಗೆ ಮಾಡುತ್ತಾರೆ, ಯಾವ ತೊಗಲು, ಬಣ್ಣ ಎಲ್ಲಿಂದ, ಒಂದೊಂದಾಗಿ ಕೇಳಿದಳು. ಒಂದೊಂದು ಪ್ರಶ್ನೆಗೆ ಎಷ್ಟು ಹೊತ್ತು. ಅವನು ಒಮ್ಮೆಯೂ ಅವಳ ಮಾತನ್ನು ಮುಗಿಸಿಕೊಡಲಿಲ್ಲ. ತಂಬಿಗೆ ಹಿಡಿದುಕೊಂಡು, ಕಣ್ಣು ಅವಳ ಬಾಯಿಯ ಮೇಲಿಟ್ಟು, ಪೂರ್ತಿ ಕೇಳಿ ಉತ್ತರ ಕೊಟ್ಟ. ಗೊಂಬೆಗೆ ಕಣ್ಣು ಕೊರೆಯುವುದು ಎಲ್ಲಕ್ಕೂ ಕೊನೆಗಂತೆ. ಪೂಜೆ ಮಾಡಿ ಕಣ್ಣು ತೆರೆದ ಮೇಲೆ ಅದು ಬರೀ ತೊಗಲಲ್ಲ, ಮನೆಯ ಮನುಷ್ಯ. ಅದನ್ನು ಹರಿಯುವಂತಿಲ್ಲ, ಸುಡುವಂತಿಲ್ಲ. ಪರದೆ ಕಟ್ಟಿದಾಗಲೆಲ್ಲ ಅದನ್ನು ಒಮ್ಮೆ ದೀಪದ ಬೆಳಕಿಗೆ ಕರೆಯಲೇಬೇಕು. ಸವೆದು ತಾನಾಗಿ ಹರಿದರೆ ಮಾತ್ರ ಮಲಪ್ರಭೆಗೆ ಬಿಡುವುದು. ಅವನು ಹೋದ ಮೇಲೆ ಅಕ್ಕ, "ಮನುಷ್ಯಾ ಭಾಳ ಚಲೋ ಅದಾನ," ಅಂದಳು. ಅಷ್ಟು ಹೇಳಲಿಕ್ಕೂ ಹೊತ್ತು ಹಿಡಿಯಿತು, ಮುಖ ಮಾತ್ರ ಅರಳಿತ್ತು.

ಮರುದಿನ ದೀಪ ಹಚ್ಚುವ ಹೊತ್ತಿಗೆ ಆಟ. ದೇವರ ಗೊಂಬೆಗಳು ಬಂದುಹೋದ ಮೇಲೆ ನಗಿಸುವ ಪಾಳಿ. ಬಂದ ಊರಿನ ಯಾರನ್ನಾದರೂ ಗೇಲಿ ಮಾಡುವುದು ಆ ಪಾಳಿಯ ಪದ್ಧತಿ, ಪರದೆಯ ಮುಂದೆ ಕೂತವರು ಸಿಟ್ಟಾಗಬಾರದು. ಸಾಮಾನ್ಯವಾಗಿ ಅದಕ್ಕೆಲ್ಲ ಒಂದೇ ಹಳೆಯ ಗೊಂಬೆ ಸಾಕಾಗುತ್ತಿತ್ತು. ಆ ಸಂಜೆ ಹೊಸದೊಂದು ಬಂತು. ಹರೆಯದ ಹುಡುಗಿ, ಬಲಗೈ ಗಂಟಲ ಮೇಲೆ. ಅದು ಬಾಯಿ ತೆರೆದು "ನೀ... ನೀ... ನೀರು ಬೇ... ಬೇಕೇನ್ರಿ" ಅಂದಿತು. ಅಕ್ಕನ ಧ್ವನಿ. ಅಣಕಿಸುವ ಹುಡುಗರದು ಅಕ್ಕನ ಧ್ವನಿ ಆಗಿರಲಿಲ್ಲ. ಇದು ಅವಳದೇ, ಉಸಿರು ಸಿಕ್ಕಿಕೊಳ್ಳುವ ಜಾಗವೂ ಸರಿಯಾಗಿ ಅದೇ. ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಒಂದೇ ದಿನದಲ್ಲಿ ತೊಗಲು ಕೊರೆದು, ಬಣ್ಣ ಹಚ್ಚಿ, ನಗೆ ಚೆನ್ನಾಗಿ ಬರಲೆಂಬ ಹುರುಪಿನಲ್ಲಿ ಪೂಜೆ ಮಾಡಿ ಕಣ್ಣನ್ನೂ ತೆರೆದುಬಿಟ್ಟಿದ್ದ. ಅದೊಂದು ಮಾಡಿರದಿದ್ದರೆ ಮುಂದಿನದು ಅವನ ಮಟ್ಟಿಗಾದರೂ ಬೇರೆಯಾಗುತ್ತಿತ್ತು.

ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ಎದ್ದು ಹೋಗಲಿಲ್ಲ, ಅಳಲಿಲ್ಲ. ಮರುದಿನ ಬೆಳಿಗ್ಗೆ ಹಾಸಿನ ಪಕ್ಕ ನಡೆಯುತ್ತ ಹರಿದ ಎಳೆಗಳನ್ನು ಗಂಟು ಹಾಕಿದಳು, ಒಂದು ಮಾತಿಲ್ಲ. ನಾಳೆ ಸರಿಹೋಗುತ್ತದೆಂದು ಅವ್ವ ಅಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಊಟಕ್ಕೆ ಕರೆದರೆ ಬರುವಳು, ಕೇಳಿದ್ದಕ್ಕೆ ತಲೆಯಾಡಿಸುವಳು, ಅಷ್ಟೇ. ಮೊದಲು ಅವಳ ಮಾತಿಗೆ ಬೇಸರಪಡುತ್ತಿದ್ದ ನಮಗೆ ಆ ಮನೆಯಲ್ಲಿ ಉಣ್ಣುವುದೇ ಕಷ್ಟವಾಯಿತು.

ಅತ್ತ ಗೊಂಬೆ ಊರೂರು ತಿರುಗಿತು. ಅಸೂಟಿ, ರೋಣ, ನರಗುಂದ, ಎಲ್ಲ ಕಡೆ ಪರದೆ ಕಟ್ಟಿದಾಗಲೆಲ್ಲ ಅಕ್ಕ ನೀರು ಕೊಟ್ಟಳು. ನರೇಗಲ್ಲಿನ ಸಂತೆಯಲ್ಲಿ ಬದನೆಕಾಯಿ ಮಾರುವವನು "ಬೇ... ಬೇ... ಬೇಕೇನ್ರಿ" ಎಂದು ಕೂಗುವುದನ್ನು ಅಪ್ಪ ಕೇಳಿಬಂದ. ಆ ಚಳಿಗಾಲ ರೋಣದಿಂದ ಗಂಡಿನ ಕಡೆಯವರು ಅಕ್ಕನನ್ನು ನೋಡಲು ಬಂದರು. ಹುಡುಗನ ಸೋದರತ್ತೆ, "ಏನರೆ ಮಾತಾಡವಾ, ನಾವೇನು ಹೊರಗಿನವರಲ್ಲ," ಅಂದಳು. ಅಕ್ಕ ಬಾಯಿ ತೆರೆಯಲಿಲ್ಲ, ಕೈ ಮಾತ್ರ ತಾನಾಗಿ ಗಂಟಲಿಗೆ ಹೋಯಿತು. ಅತ್ತೆ ಆ ಕೈ ನೋಡಿದಳು. ಪಕ್ಕದವಳ ಕಡೆ ಬಾಗಿ, ನಮಗೆಲ್ಲ ಕೇಳುವ ಹಾಗೆ, "ಗೊಂಬಿ ಆಟದಾಗಿನಾಕಿ ಇಕೀನ ಏನು?" ಅಂದಳು. ಎಲೆ ಅಡಿಕೆ ಮುಟ್ಟದೆ ಎದ್ದರು. ಅಕ್ಕನ ಮದುವೆ ಆಗದೆ ನನ್ನದು ಆಗದೆಂದು ನನಗೂ ಒಳಗೊಳಗೆ ಸಂಕಟವಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮರುವರ್ಷವೂ ಮಳೆ ಹಿಂದಾಯಿತು, ಊರವರು ಅವನನ್ನು ಮತ್ತೆ ಕರೆಸಿದರು. ಅವನಿಗೆ ಏನೂ ಗೊತ್ತಿರಲಿಲ್ಲ. ನಗುನಗುತ್ತ ನಮ್ಮ ಕಟ್ಟೆಗೆ ಬಂದು, ರಾಜನ ಧ್ವನಿ ತೆಗೆದು, "ಎಲ್ಲಿ ನಿಮ್ಮ ಮಗಳು? ಆಕೀ ಕೈಯಾಗಿನ ನೀರ ಕುಡೀಬೇಕು," ಅಂದ.

ಅವ್ವ ಜೋಳ ಹಸನು ಮಾಡುತ್ತಿದ್ದಳು, ಕೇರುವ ಮರ ಕೆಳಗಿಡಲಿಲ್ಲ. "ಆಕಿ ಮಾತ ಬಿಟ್ಟಾಳ," ಅಂದಳು. "ಹ್ವಾದ ವರ್ಷ ನೀ ಆಕೀ ಧ್ವನಿ ತಗೊಂಡು ಹ್ವಾದಿ. ಇನ್ನ ಆಕೀ ಕಡೆ ಏನೂ ಉಳದಿಲ್ಲ. ನೀರ ಬೇಕಂದ್ರ ಬಾವ್ಯಾಗ ಐತಿ."

ಅವನ ಬಾಯಿ ತೆರೆದುಕೊಂಡಿತು. ಒಳಗೆ ಅಷ್ಟೊಂದು ಧ್ವನಿಗಳಿದ್ದವಲ್ಲ, ಒಂದೂ ಹೊರಗೆ ಬರಲಿಲ್ಲ. ಬಾಗಿಲ ಒಳಗೆ ಅಕ್ಕ ನಿಂತದ್ದು ಅವನಿಗೆ ಕಂಡಿತು. ತಲೆ ತಗ್ಗಿಸಿ ಹೋದ.

ಸಂಜೆ ಆಟ ಶುರುವಾಯಿತು, ಮಳೆಗಾಗಿ ಹೇಳಿದ್ದು, ನಿಲ್ಲಿಸುವಂತಿರಲಿಲ್ಲ. ನಗಿಸುವ ಪಾಳಿಯಲ್ಲಿ ಅಕ್ಕನ ಗೊಂಬೆಯನ್ನು ಬೆಳಕಿಗೆ ತಂದ. ತರದೆ ಇರುವ ಹಾಗಿಲ್ಲವಲ್ಲ. ಗೊಂಬೆ ಬಂದು ಸುಮ್ಮನೆ ನಿಂತಿತು. ಜನ ಕಾದರು. "ಮಾತಾಡಸೋ," ಎಂದು ಒಬ್ಬ ಕೂಗಿದ, ಆಮೇಲೆ ಹತ್ತು ಜನ ಕೂಗಿದರು. ಅವನ ಹೆಂಡತಿ ತಾಳ ಬಡಿಯುತ್ತ ಪರದೆಯ ಹಿಂದೆ ಏನೋ ಪಿಸುಗುಟ್ಟಿದ್ದು ಕೇಳಿಸಿತು. ಆಗ ಅವನು ಎದ್ದು ಪರದೆಯ ಮುಂದೆ ಬಂದು ನಿಂತ. ಗೊಂಬೆಯಾಡಿಸುವವನು ಆಟದ ನಡುವೆ ಮುಂದೆ ಬಂದದ್ದನ್ನು ನಮ್ಮ ಊರಿನಲ್ಲಿ ಯಾರೂ ಕಂಡಿರಲಿಲ್ಲ.

"ಇ... ಇದು ಆಕೀ ಮಾ... ಮಾತಲ್ಲ," ಅಂದ. "ನಂ... ನಂದ. ಸ... ಸಣ್ಣಾಂವ ಇದ್ದಾಗಿಂದ ನಂದ. ನಂದನ್ನ ಆ... ಆಕೀ ಮ್ಯಾಲ ಹಾಕೀನಿ."

ಕೈ ಗಂಟಲಿಗೆ ಹೋಗಲಿಲ್ಲ, ಅಷ್ಟೇ ವ್ಯತ್ಯಾಸ. ಕುತ್ತಿಗೆಯ ನರ ಬಿಗಿದಿದ್ದವು, ಕಣ್ಣು ಮುಚ್ಚಿಕೊಂಡಿತ್ತು. ಇಷ್ಟು ವರ್ಷ ಸಾಹುಕಾರನ ಗತ್ತು, ರಾಣಿಯ ಬಿನ್ನಾಣ ಎಲ್ಲ ಯಾಕಿದ್ದವೆಂದು ನನಗೆ ಆಗ ಹೊಳೆಯಿತು. ಬೇರೆಯವರ ಧ್ವನಿಯಲ್ಲಿ ಅವನಿಗೆ ತೊದಲಿರಲಿಲ್ಲ. ತನ್ನದರಲ್ಲಿ ಮಾತ್ರ ಇತ್ತು, ಅದಕ್ಕೇ ಅದನ್ನು ಬಾಯಿಗೆ ತಂದಿರಲಿಲ್ಲ. ಅಕ್ಕನದನ್ನು ಅಷ್ಟು ಸರಿಯಾಗಿ ಹಿಡಿದದ್ದೂ ಅದಕ್ಕೇ.

ಜನ ಏನು ಮಾಡಿದರು? ನಕ್ಕರು. ಹಿಂದಿನ ವರ್ಷಕ್ಕಿಂತ ಜೋರಾಗಿ ನಕ್ಕರು. "ಹೊಸಾ ಆಟ ಕಲತ ಬಂದಾನ ಮಗಾ," ಅಂದ ಒಬ್ಬ ಹಿರಿಯ, ಕಣ್ಣೀರು ಒರೆಸಿಕೊಳ್ಳುತ್ತ. ಅವನು ಆ ನಗೆಯ ಎದುರಿಗೆ ನಿಲ್ಲಲಾರದೆ ಹೋದ. ತಿರುಗಿ, ಪರದೆಯ ನಾಲ್ಕೂ ಗಂಟು ಬಿಚ್ಚಿದ. ಹಿಂದೆ ದೀಪ, ಹೆಂಡತಿ, ಪೆಟ್ಟಿಗೆ, ಸಾಲಾಗಿ ಚುಚ್ಚಿಟ್ಟ ಗೊಂಬೆಗಳು, ಎಲ್ಲ ಬಯಲಾದವು. ಆಗ ನಗು ನಿಂತಿತು.

ಮಳೆಗಾಗಿ ಕಟ್ಟಿದ ಆಟವನ್ನು ಅರ್ಧಕ್ಕೆ ಬಿಚ್ಚುವುದು ಅಪಶಕುನ. ಊರು ಸಿಟ್ಟಾಯಿತು, ಕಾಳು ಕೊಡಲಿಲ್ಲ. ಅಣ್ಣತಮ್ಮಂದಿರ ಮಕ್ಕಳು ಬೇರೆ ಮೇಳ ಹುಡುಕಿಕೊಂಡು ಹೊಳೆಯ ಆಚೆಗೆ ಹೋದರು. ಅವನೂ ಹೆಂಡತಿಯೂ ನಮ್ಮೂರ ಗುಡ್ಡದ ಬುಡದಲ್ಲೇ ಗುಡಿಸಲು ಹಾಕಿಕೊಂಡು, ಬಾವಿಯಿಂದ ಎತ್ತು ಎಳೆಯುವ ತೊಗಲಿನ ನೀರುಚೀಲ ಹೊಲಿಯುತ್ತ ಉಳಿದರು. ಆಮೇಲೆ ಅವನು ಎಲ್ಲಿಯೂ ಪರದೆ ಕಟ್ಟಲಿಲ್ಲ.

ಅಪ್ಪನಿಗೆ ಇದು ಹುಚ್ಚುತನವೆನಿಸಿತು. "ಅದೊಂದ ಗೊಂಬಿ ಹರದು ಒಗದು ಉಳಿದಾವನ್ನ ಆಡಸಬಾರದಾ? ಹೆಂಡ್ತಿನ ಉಪಾಸ ಯಾಕ ಕೆಡವತಿ?" ಎಂದು ಕೇಳಿದ.

"ಕ... ಕಣ್ಣ ತೆರದೀನ್ರಿ," ಅಂದ ಅವನು. "ಪರದಿ ಕಟ್ಟಿದ್ರ ಕರೀಬೇಕು. ಕ... ಕರದ್ರ ಜನಾ ಮಾತಾಡಸು ಅಂತಾರ. ಅದೊಂದು ಸು... ಸುಮ್ನಿರಬೇಕಂದ್ರ ಎಲ್ಲಾ ಸುಮ್ನಿರಬೇಕು. ಹರದು ಒಗಿ ಅಂತೀರಿ. ನಿಮ್ಮ ಮಗಳನ್ನ ಹ... ಹರೀತೀರೇನ್ರಿ?"

ಅಪ್ಪ ಎದ್ದು ಒಳಗೆ ಹೋದ.

ಈಗ ಓಣಿಯ ಹುಡುಗರಿಗೆ ಅವನೇ ಸಿಕ್ಕ. ಹಿಂದೆ ಹಿಂದೆ ತೊದಲುತ್ತ ಗುಡಿಸಲವರೆಗೂ ಬಿಟ್ಟು ಬರುತ್ತಿದ್ದರು. ಅವ್ವ ಒಮ್ಮೆ ಗದರಿಸಲು ಹೋದಳು. "ಬಿ... ಬಿಡ್ರಿ ಅವ್ವಾರ. ನಂದ ಅದು, ಈಗ ಮು... ಮುಚ್ಚಿಡೂದು ಏನೈತಿ," ಅಂದ. ಸಾಹುಕಾರನೂ ರಾಣಿಯೂ ಮತ್ತೆ ಆ ಬಾಯಿಗೆ ಬರಲಿಲ್ಲ. ಅವನ ಹೆಂಡತಿ ನಮ್ಮ ಅವ್ವನ ಹತ್ತಿರ, "ಇಷ್ಟ ವರ್ಷ ಹತ್ತ ಮಂದೀ ಸಂಗಾಟ ಸಂಸಾರ ಮಾಡಿದಂಗಿತ್ತು. ಈಗ ಒಬ್ಬ ಗಂಡ ಸಿಕ್ಕಾನ, ಹೊಟ್ಟಿಗಿಲ್ಲ," ಎಂದು ನಗಲೂ ಅಳಲೂ ಆಗದೆ ಹೇಳಿದಳು.

ಒಂದು ಬೇಸಿಗೆಯ ಮಧ್ಯಾಹ್ನ ಅವನು ಹೊಲಿದ ಚೀಲ ಹೊತ್ತುಕೊಂಡು ಹೋಗುತ್ತ ನಮ್ಮ ಕಟ್ಟೆಯ ಹತ್ತಿರ ನಿಂತ. ಬಾಯಾರಿತ್ತು. "ನೀ... ನೀ..." ಅಂದ. ಅವ್ವ ರೂಢಿಯಂತೆ "ನೀರ..." ಎಂದು ಶುರುಮಾಡಿದಳು. ಒಳಗಿನಿಂದ ಅಕ್ಕ ಬಂದು ಅವ್ವನ ತೋಳು ಹಿಡಿದಳು. ಬಿಗಿಯಾಗಿ ಹಿಡಿದಳು, ಬಳೆ ಒತ್ತಿ ಅವ್ವನ ಕೈ ಕೆಂಪಾಯಿತು. ಅವನು ತನ್ನ ಮಾತು ತಾನೇ ಮುಗಿಸುವವರೆಗೆ ಬಿಡಲಿಲ್ಲ. ಮುಗಿದ ಮೇಲೆ ತಂಬಿಗೆ ತಂದಳು. ಅವನು ಕುಡಿದ. ತಂಬಿಗೆ ವಾಪಸು ತೆಗೆದುಕೊಳ್ಳುತ್ತ, "ಇ... ಇನ್ನಷ್ಟು?" ಎಂದು ಕೇಳಿದಳು. ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು. ನಾನು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ, ಎಳೆ ಹರಿಯಿತು.

ಅಂದಿನಿಂದ ಅವನು ಬಂದಾಗಲೆಲ್ಲ ಅಕ್ಕ ಕಟ್ಟೆಗೆ ಬರುವಳು. ಅವರಿಬ್ಬರು ಎರಡು ಮಾತು ಆಡಿ ಮುಗಿಸುವಷ್ಟರಲ್ಲಿ ನನ್ನ ಬುಟ್ಟಿಯ ಕಂಡಿಕೆ ತುಂಬುತ್ತಿದ್ದವು. ದೊಡ್ಡ ಮಾತೇನೂ ಅಲ್ಲ. ಆಡಿನ ತೊಗಲು ಯಾವುದು, ಜಿಂಕೆಯ ತೊಗಲು ಯಾವುದು, ನೀಲಿ ಬಣ್ಣ ಯಾಕೆ ಬೇಗ ಮಾಸುತ್ತದೆ, ಇಂಥವು. ಅವನು ಹೋದ ಮೇಲೆ ಅಕ್ಕ ಮತ್ತೆ ಮೂಕಿ. ನಮ್ಮ ಯಾರ ಜೊತೆಗೂ ಇಲ್ಲ. ಕೆಡಿಸಿದವನ ಜೊತೆ ಮಾತು, ಸಾಕಿದವರ ಜೊತೆ ಮೌನ, ಇದ್ಯಾವ ನ್ಯಾಯ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಅವನನ್ನು ಮೊದಲಿಗಿಂತ ಹೆಚ್ಚು ದ್ವೇಷಿಸಿದ್ದು ಆಗಲೇ.

ಅವರ ನಡುವೆ ಎಲ್ಲ ಸರಿಹೋಗಿತ್ತೆಂದೂ ಅಲ್ಲ. ಒಮ್ಮೆ ಅವನು, "ತಂಗೀ, ನ... ನನ್ನ ತಪ್ಪ ಹೊಟ್ಯಾಗ ಹಾಕ್ಕೊ," ಅಂದ. ಅಕ್ಕ ತಂಬಿಗೆಯ ಅಂಚನ್ನು ಸೆರಗಿನಿಂದ ಒರೆಸುತ್ತ ಕೂತಳು. ಮಾತು ಸಿಕ್ಕಿಕೊಂಡಿದೆ ಅಂದುಕೊಂಡೆ. ಇಲ್ಲ, ಯೋಚಿಸುತ್ತಿದ್ದಳು.

"ಆಗಂಗಿಲ್ರಿ," ಅಂದಳು. ಅಷ್ಟು ಮಾತ್ರ ಒಂದು ತೊದಲೂ ಇಲ್ಲದೆ ಬಂತು. "ನೀ... ನೀರ ಕೊಡತೀನಿ. ಮಾ... ಮಾತಾಡತೀನಿ. ಅದೊಂದ ಕೇ... ಕೇಳಬ್ಯಾಡ್ರಿ."

"ಖರೇ," ಅಂದ ಅವನು. ಮರುದಿನವೂ ಬಂದ.

ನರಗುಂದದ ಗದ್ದಲದ ವರ್ಷ ಅವನಿಗೆ ಜ್ವರ ಹಿಡಿಯಿತು. ಹೊಟ್ಟೆಗಿಲ್ಲದ ಮೈ, ತಡೆಯಲಿಲ್ಲ, ತೀರಿಕೊಂಡ. ದಾರಿಯಲ್ಲಿ ದಂಡಿನವರು ಕಾವಲು ಕೂತಿದ್ದರು; ಊರೂರು ತಿರುಗುವ ಜನರನ್ನು ಕಂಡರೆ ಹಿಡಿದು ಕೂರಿಸುತ್ತಿದ್ದರು. ಅವನ ಬಳಗದವರು ಯಾರೂ ಬರುವ ಹಾಗಿರಲಿಲ್ಲ. ನಮ್ಮ ಓಣಿಯವರೇ ಹೆಣ ಎತ್ತಲು ಹೋದರು. ಹಗೆಯಾದರೂ ಹೆಣಕ್ಕೆ ಹೆಗಲು ಕೊಡಬೇಕಲ್ಲ. ಗುಡಿಸಲ ಮುಂದೆ ಗಂಡಸರು, ಹಿಂದೆ ನಾವು ಹೆಂಗಸರು.

ಎತ್ತುವ ಹೊತ್ತಿಗೆ ಅವನ ಹೆಂಡತಿ ತಡೆದಳು. "ನಮ್ಮವರಾಗ ಒಂದು ಪದ್ಧತಿ ಐತ್ರಿ," ಅಂದಳು. "ಎತ್ತೂಕಿಂತ ಮೊದಲ, ಹ್ವಾದಾಂವ ಎಂಥಾ ಮನಿಷಾ ಅಂತ ಒಬ್ಬರು ಬಾಯಿಬಿಟ್ಟು ಹೇಳಬೇಕು. ಮನಿಯವರು ಹೇಳೂಹಂಗಿಲ್ಲ. ಹೇಳದ ಒಯ್ದರ ಹೆಸರಿಲ್ದಂಗ ಹೋಗ್ತಾನ."

ಓಣಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರು ಏನು ಹೇಳಬೇಕು? ಮಳೆಯ ಆಟ ಕೆಡಿಸಿದವನು ಎಂದೇ? ಆ ಹೆಂಗಸು ಎಲ್ಲರ ಕಾಲ ಕಡೆಗೂ ನೋಡಿದಳು, ಮುಖ ನೋಡುವ ಧೈರ್ಯವಿರಲಿಲ್ಲ.

ನನ್ನ ಪಕ್ಕದಲ್ಲಿದ್ದ ಅಕ್ಕ ಹೆಂಗಸರ ಗುಂಪು ದಾಟಿ, ಗಂಡಸರ ನಡುವೆ ಹಾದು, ಹೆಣದ ತಲೆಯ ಹತ್ತಿರ ಹೋಗಿ ನಿಂತಳು. "ಇ... ಇ... ಇವರು," ಅಂದಳು. ಅವನನ್ನು ಬಹುವಚನದಲ್ಲಿ ಕರೆದವರು ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. "ನ... ನ..."

ಹಿಂದೆ ಯಾರೋ ಕಿಸಕ್ಕೆಂದರು. ಕೆಟ್ಟ ಮನಸ್ಸಿನಿಂದಲ್ಲ, ಹೆಣದ ಮುಂದೆ ನಗಬೇಕೆಂದು ಯಾರಿಗೂ ಇರಲಿಲ್ಲ. ಆ ಧ್ವನಿ ಕೇಳಿದರೆ ನಗುವುದು ಊರಿಗೆ ಅಭ್ಯಾಸವಾಗಿಹೋಗಿತ್ತು. ಒಂದು ನಗು ಇನ್ನೊಂದನ್ನು ಎಬ್ಬಿಸಿತು. ಅಕ್ಕ ಬಾಯಿ ಮುಚ್ಚಿ ನಿಂತಳು. ಓಡಲಿಲ್ಲ, ತಲೆ ತಗ್ಗಿಸಲಿಲ್ಲ. ನಗುವವರನ್ನು ನೋಡುತ್ತ, ಅದು ಮುಗಿಯುವವರೆಗೂ ನಿಂತಳು. ಪೂರ್ತಿ ಮುಗಿದ ಮೇಲೆ ಬಿಟ್ಟಲ್ಲಿಂದ ಶುರುಮಾಡಿದಳು.

"ನ... ನನಗ ಭಾಳ ಕೆ... ಕೆಟ್ಟದ್ದು ಮಾಡಿದ್ರು. ತಿ... ತಿಳಿದ ಮ್ಯಾಲ ತಮ್ಮ ಅನ್ನಾ ಬಿಟ್ಟು ಕೂತರು. ನನ್ನ ಮಾತು ಪೂ... ಪೂರಾ ಕೇಳಿದವರು ಇ... ಇವರೊಬ್ಬರ."

ಗಂಡಸರು ಹೆಣ ಎತ್ತಿದರು. ಅವನ ಹೆಂಡತಿ ಅಕ್ಕನ ಕಾಲಿಗೆ ಬಿದ್ದಳು, ಅಕ್ಕ ಅವಳನ್ನು ಎಬ್ಬಿಸಿ ನಮ್ಮ ಮನೆಗೆ ಕರೆದುಕೊಂಡು ಬಂದಳು.

ಮೈ ತೊಳೆದುಕೊಂಡು ಮನೆ ಸೇರಿದೆವು. ಅಪ್ಪ ಸುಮ್ಮನೆ ಕೂತಿರಲಾರದೆ ಮಗ್ಗಕ್ಕೆ ಇಳಿದ. ನಮ್ಮದು ನೆಲದಲ್ಲಿ ತೋಡಿದ ಕುಣಿಮಗ್ಗ. ಕಾಲು ಕುಣಿಯಲ್ಲಿ, ಎದೆಯ ಮುಂದೆ ನೇಯ್ದ ಬಟ್ಟೆಯ ದಿಂಡು, ಇಳಿದವನು ತಟ್ಟನೆ ಎದ್ದು ಹೋಗುವ ಹಾಗಿಲ್ಲ. ಅಕ್ಕ ಬಂದು ಅವನ ಎದುರಿಗೆ ನೆಲದ ಮೇಲೆ ಕೂತಳು.

"ಅಪ್ಪಾ," ಅಂದಳು. ಲಾಳಿ ನಿಂತಿತು. "ಗೊಂಬಿ ಆ... ಆಟದ ದಿನಾ ನೀ... ನೀನೂ ನ... ನ... ನ..."

ಅವ್ವನ ತುಟಿ ಅಲುಗಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪನಿಗೂ ಆ ಮಾತು ಏನೆಂದು ಗೊತ್ತಿತ್ತು, ಆದರೂ ಮುಗಿಸಿಕೊಡಲಿಲ್ಲ. ಕಣ್ಣು ಅವಳ ಬಾಯಿಯ ಮೇಲಿಟ್ಟು ಕಾದ. ಎಷ್ಟು ಹೊತ್ತೋ.

"...ನಕ್ಕಿದ್ದಿ."

"ಹೌದವಾ," ಅಂದ ಅಪ್ಪ. "ಎಲ್ಲಾರಕ್ಕಿಂತ ಜೋರ ನಾನ ನಕ್ಕಿದ್ದೆ."